ದೇವರ ಭಯ, ಜಿಗಣೆ ಮತ್ತು ಅಪ್ಪನ ಚೆಕ್‌ರೋಲ್

ತಂಗೀ, ವಿರಾಜಪೇಟೆ ಬಿಟ್ಟು ಕುವೈತ್‌ಗೆ ಬಂದು ಮೂರು ತಿಂಗಳಾಯಿತು ಅಂದೆ. ಭಾನುವಾರ ಆಸ್ಪತ್ರೆ ಡ್ಯೂಟಿ. ಶುಕ್ರವಾರ ಚರ್ಚಿನ ಪೂಜೆಗೆ ಹೋದರೂ ಹೋದ ಹಾಗೆ ಅನಿಸುವುದಿಲ್ಲ. ಜನ ಶೂ ಹಾಕಿಕೊಂಡೇ ಒಳಗೆ ಬರುತ್ತಾರೆ, ಕೂತು ಫೋನ್ ನೋಡುತ್ತಾರೆ. "ನನಗೂ ದೇವರ ಭಯ ಹೋಗ್ತಾ ಇದೆಯಾ ಅಣ್ಣ?" ಅಂತ ಕೇಳಿದ್ದೀಯ.

ಸುಲಭದ್ದು ಮೊದಲು ಮುಗಿಸೋಣ. ಇಲ್ಲಿ ವಾರದ ರಜೆ ಶುಕ್ರ, ಶನಿ. ಅದಕ್ಕೇ ಭಾನುವಾರದ ಬೈಬಲ್ ವಾಚನಗಳನ್ನೇ ಶುಕ್ರವಾರ ಓದುತ್ತಾರೆ. ಅದೇ ಪೂಜೆ, ದಿನ ಮಾತ್ರ ಬೇರೆ. ಡ್ಯೂಟಿ ಬಿದ್ದು ಅದೂ ತಪ್ಪಿತು ಅನ್ನು, ಆಗಲೂ ಪಾಪ ಅಂತ ಕೊರಗಬೇಡ. ಕಾಯಿಲೆ, ಹಸುಗೂಸಿನ ಆರೈಕೆಯಂಥ ತಕ್ಕ ಕಾರಣಕ್ಕೆ ಧರ್ಮಸಭೆಯೇ ವಿನಾಯಿತಿ ಕೊಡುತ್ತದೆ. ಐಸಿಯುನಲ್ಲಿ ರೋಗಿಯನ್ನು ಬಿಟ್ಟು ಬಾ ಎಂದು ಯಾವ ಫಾದರೂ ಹೇಳುವುದಿಲ್ಲ. ಅಮ್ಮನಿಗೂ ಫೋನ್ ಮಾಡಿ ಇದನ್ನು ಹೇಳು, ಅವರ ಮನಸ್ಸಿಗೂ ಸಮಾಧಾನ.

ಇನ್ನು ಭಯದ ವಿಷಯ. ಇದು ಸ್ವಲ್ಪ ಉದ್ದ.

ಕೊಡಗಿನ ಸಿದ್ದಾಪುರದ ಕಡೆ ನಮ್ಮ ತೋಟದ ಹತ್ತಿರ ಒಂದು ಸಣ್ಣ ಚರ್ಚ್ ಇತ್ತು. ಜುಲೈ ತಿಂಗಳ ಮಳೆ ಹೇಗಿರುತ್ತದೆ ಅಂತ ನಿನಗೆ ಹೇಳಬೇಕಾಗಿಲ್ಲ. ಕೆಸರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ಮಂಡಿಯೂರುವಾಗ ಕಾಲಿಗೆ ಜಿಗಣೆ ಹತ್ತಿರುತ್ತಿತ್ತು. ಕೀಳುವ ಹಾಗಿಲ್ಲ, ಅಲುಗಾಡುವ ಹಾಗಿಲ್ಲ. ಪಕ್ಕದಲ್ಲಿ ಅಜ್ಜಿ. ಪರಮಪ್ರಸಾದಕ್ಕೆ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಗೆ, ಮೊದಲು ಒಂದು ಗಂಟೆ ಏನೂ ತಿನ್ನದಿದ್ದರೆ ಸಾಕು ಎಂದು 1964ರಲ್ಲೇ ನಿಯಮ ಸಡಿಲವಾಗಿತ್ತು. ಅಜ್ಜಿ ಮಾತ್ರ ಸಾಯುವವರೆಗೂ ಹಿಂದಿನ ರಾತ್ರಿಯಿಂದಲೇ ಉಪವಾಸ. ಅವಳ ಒಂದು ನೋಟಕ್ಕೆ ಜಿಗಣೆ ರಕ್ತ ಕುಡಿದು ತಾನೇ ಉದುರುವವರೆಗೂ ನಾನು ಕಲ್ಲಿನ ಹಾಗೆ ಇರುತ್ತಿದ್ದೆ. ಅದನ್ನೇ ದೇವರ ಭಯ ಅಂದುಕೊಂಡಿದ್ದೆ. ಅದು ಅಜ್ಜಿಯ ಭಯ, ಅಲ್ವಾ?

ಇಲ್ಲಿ ಅಜ್ಜಿ ಇಲ್ಲ. ಪೂಜೆಗೆ ಬಂದೆಯಾ ಎಂದು ಕೇಳುವ ಪಕ್ಕದ ಮನೆಯವರಿಲ್ಲ. ಹಾಗಾಗಿ ಊರವರ ಭಯ ಕಳಚಿಬೀಳುತ್ತದೆ. ನಿನಗೆ ಈಗ ಆಗುತ್ತಿರುವುದು ಅದೇ ಇರಬೇಕು.

ನನ್ನ ಕಥೆ ಹೇಳುತ್ತೇನೆ. ಬಂದ ಎರಡನೇ ವರ್ಷ ಒಂದು ಕಂಪನಿಯಲ್ಲಿ ಸ್ಟೋರ್‌ಕೀಪರ್ ಆಗಿದ್ದೆ. ಬಾರದ ಸಾಮಾನಿಗೆ ಬಂದಿದೆ ಎಂದು ಸಹಿ ಹಾಕು ಅಂದರು ಮೇಲಿನವರು. ಹಾಕಿದೆ. ಎರಡು ತಿಂಗಳು ಹಾಕಿದೆ. ಆ ಎರಡು ತಿಂಗಳಲ್ಲಿ ಒಂದು ಶುಕ್ರವಾರವೂ ಪೂಜೆ ತಪ್ಪಿಸಲಿಲ್ಲ, ಗೊತ್ತಾ? ಇಸ್ತ್ರಿ ಮಾಡಿದ ಶರಟು, ಕೈಯಲ್ಲಿ ಜಪಸರ. ನೋಡಿದವರು ಎಂಥ ಭಕ್ತ ಅನ್ನಬೇಕು.

ನನ್ನಪ್ಪ ಕಾಫಿತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಬಾರದ ಆಳಿನ ಹೆಸರನ್ನು ಚೆಕ್‌ರೋಲ್‌ನಲ್ಲಿ, ಅಂದರೆ ಆಳುಗಳ ಹಾಜರಿ ಪುಸ್ತಕದಲ್ಲಿ, ಒಂದು ದಿನವೂ ಬರೆದವರಲ್ಲ. ಸಹಿ ಹಾಕುವಾಗೆಲ್ಲ ಅವರ ಕೈಬರಹ ಕಣ್ಣಿಗೆ ಬರುತ್ತಿತ್ತು. ಅಪ್ಪ ಹೊಡೆಯುತ್ತಾರೆ ಅಂತಲ್ಲ, ಪಾಪ, ಅವರು ತೀರಿಹೋಗಿದ್ದರು. ಅವರಿಗೆ ನೋವಾಗುತ್ತದೆ ಅಂತ. 13ನೇ ಶತಮಾನದಲ್ಲೇ ಸಂತ ತೋಮಾಸ್ ಅಕ್ವಿನಾಸ್ ಈ ಎರಡು ಭಯಗಳನ್ನು ಬೇರೆ ಮಾಡಿ ಬರೆದಿದ್ದಾರೆ. ಆಳಿಗೆ ಏಟಿನ ಭಯ, ಮಗನಿಗೆ ತಂದೆಯಿಂದ ದೂರವಾಗುವ ಭಯ. ಪುಸ್ತಕದಲ್ಲಿ ಇದು ನನಗೆ ಸಿಕ್ಕಿದ್ದು ಆಮೇಲೆ. ಸ್ಟೋರಿನಲ್ಲಿ ಮೊದಲೇ ಸಿಕ್ಕಿತ್ತು.

ಫಾದರ್ ಹತ್ತಿರ ತಪ್ಪು ಒಪ್ಪಿಕೊಳ್ಳಲು ಪಾಪನಿವೇದನೆಗೆ ಹೋದೆ. ಫಾದರ್ ಜಾಸ್ತಿ ಬೈಯಲಿಲ್ಲ. "ನಾಳೆ ಕಾಗದ ಬಂದರೆ ಏನು ಮಾಡ್ತೀಯ?" ಅಂದರು, ಅಷ್ಟೇ. ಕಾಗದ ಬಂತು. ಹಾಕಲ್ಲ ಅಂದೆ. ನನ್ನನ್ನು ಊರಾಚೆಯ ಗೋದಾಮಿಗೆ ಕಳಿಸಿದರು, ಓವರ್‌ಟೈಮ್ ಹೋಯಿತು. ಆ ವರ್ಷ ಊರಿಗೂ ಹೋಗಲಾಗಲಿಲ್ಲ. ಸುಮ್ನೆ ಸಿಹಿಯಾಗಿ ಹೇಳುವುದಿಲ್ಲ, ಬಹಳ ದಿನ ಸಿಟ್ಟಿತ್ತು, ದೇವರ ಮೇಲೂ.

ಮತ್ತಾಯನ ಶುಭಸಂದೇಶದಲ್ಲಿ ಇಬ್ಬರು ಮಕ್ಕಳ ಸಾಮತಿ, ಅಂದರೆ ಯೇಸು ಹೇಳಿದ ನೀತಿಕಥೆ, ಇದೆಯಲ್ಲ. ದ್ರಾಕ್ಷಿತೋಟಕ್ಕೆ ಹೋಗು ಅಂದರೆ ಒಬ್ಬ ಆಗಲಿ ಎಂದು ಹೇಳಿ ಹೋಗಲಿಲ್ಲ. ಇನ್ನೊಬ್ಬ ಹೋಗಲ್ಲ ಅಂದು, ಮನಸ್ಸು ಬದಲಿಸಿ ಹೋದ. ಕಾಫಿ ಕೊಯ್ಲಿನ ಕಾಲದಲ್ಲಿ ಕೂಲಿಯವರ ಲೈನ್‌ಮನೆ ಕಂಡವರಿಗೆ ಈ ಇಬ್ಬರೂ ಗೊತ್ತು. ಗೊಣಗಿಕೊಂಡೇ ಬಂದು ಚೀಲ ತುಂಬಿಸುವವನ ಮೇಲೆ ಅಪ್ಪನಿಗೆ ಪ್ರೀತಿ ಜಾಸ್ತಿ ಇತ್ತು.

ಆದ್ದರಿಂದ ನೀನು ಫೋನ್ ನೋಡುವವರನ್ನು ಬಿಡು. ಅವರಲ್ಲಿ ಯಾರು ವಾರವಿಡೀ ಎಷ್ಟು ಸಹಿಗೆ ಬೇಡ ಎಂದು ಬಂದಿದ್ದಾರೋ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿನ್ನ ಪರೀಕ್ಷೆ ವಾರ್ಡಿನಲ್ಲಿದೆ. ಕೊಡದ ಮಾತ್ರೆಯನ್ನು ಕೊಟ್ಟೆ ಎಂದು ಚಾರ್ಟಿನಲ್ಲಿ ಬರೆ ಅನ್ನುವವರು ಸಿಗಬಹುದು. ಅವತ್ತು ನನಗೆ ಮೆಸೇಜ್ ಹಾಕು, ಒಬ್ಬಳೇ ಇರಬೇಡ.

ಒಂಟಿ ಅನಿಸಿದಾಗ ನಿಮ್ಮ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚನ್ನೇ ನೆನೆಸಿಕೋ. 1792ರಲ್ಲಿ ಅದು ಶುರುವಾಗಿದ್ದು ಟಿಪ್ಪುವಿನ ಸೆರೆ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗಾಗಿ. ಜಾಗ ಕೊಟ್ಟವನು ಕೊಡಗಿನ ಅರಸ ದೊಡ್ಡವೀರರಾಜೇಂದ್ರ. ಶ್ರೀರಂಗಪಟ್ಟಣದಲ್ಲಿ ಅವರಿಗೆ ಭಾನುವಾರವೂ ಇರಲಿಲ್ಲ, ಶುಕ್ರವಾರವೂ ಇರಲಿಲ್ಲ.

ಬರುವ ಶುಕ್ರವಾರ ಪೂಜೆಗೆ ಕ್ಯಾಥೆಡ್ರಲ್‌ಗೆ ಬಾ. ಬೇಗ ಬಾ, ಜಾಗ ಸಿಗುವುದಿಲ್ಲ. ಎಡಗಡೆ ಕೊನೆಯ ಬೆಂಚಿನ ಕೆಳಗೆ ಒಂದು ಜೊತೆ ಶೂ ಕಂಡರೆ ಅದು ನಂದೇ. ಹಿಂದೊಮ್ಮೆ ಫಿಲಿಪ್ಪೀನ್ಸ್‌ನ ಒಬ್ಬ ಅಜ್ಜಿ ನೋಡಿ, ಕಾಲು ನೋವಾ ಮಗಾ ಅಂತ ಕೇಳಿ ಮುಲಾಮು ಕೊಟ್ಟಿದ್ದರು.