ಓಣಿ ಅಂಗಡ್ಯಾಗ ಪಲ್ಲೆ ಸಿಗ್ತೈತೋ ಇಲ್ಲೋ, ಅಳೆಯೂದು ಹ್ಯಾಂಗ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಇದೇ ಪುಟದಾಗ ಸಕ್ಕರಿ ಬ್ಯಾನಿ ಇದ್ದವ್ರ ಊಟದ ಬಗ್ಗೆ ಬರದಿದ್ದೆ. ದಿನಕ್ಕ 400 ಗ್ರಾಂ ಕಾಯಿಪಲ್ಲೆ, 100 ಗ್ರಾಂ ಹಣ್ಣು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವ್ರು 2024ರ ಮಾರ್ಗಸೂಚಿಯೊಳಗ ಹೇಳ್ಯಾರ, ಅಷ್ಟರೆ ತಿನ್ರಿ ಅಂದಿದ್ದೆ. ಅದಕ್ಕ ಬಂದ ಪತ್ರದಾಗ ಹೆಚ್ಚಿನವು ಒಂದೇ ಮಾತು: ತಿನ್ರಿ ಅಂತೀರಿ ಖರೆ, ನಮ್ಮ ಓಣ್ಯಾಗ ಸಿಗಬೇಕಲ್ರಿ? ಆ ಮಾತು ನನಗ ಭಾಳ ನಾಟ್ತು, ಹಿಂಗಾಗಿ ಈ ಸಲ ಪೂರ್ತಿ ಪುಟ ಅಂಗಡಿ ಮ್ಯಾಲೆ.

ಪ್ರಶ್ನೆ: ನಾನು ಹೋಮ್ ಸೈನ್ಸ್ ಎಂಎಸ್ಸಿ ಮಾಡಾಕತ್ತೇನ್ರಿ. ನವನಗರದ ನಾಕು ಸೆಕ್ಟರಿನ ಕಿರಾಣಿ ಅಂಗಡ್ಯಾಗ ಆರೋಗ್ಯಕ್ಕ ಛಲೋ ಇರೂ ಆಹಾರ ಎಷ್ಟು ಸಿಗ್ತೈತಿ ಅಂತ ಪ್ರಾಜೆಕ್ಟ್. ಗೈಡ್ ಮೇಡಂ ಅಮೆರಿಕದ ನೆಮ್ಸ್ ಅನ್ನೂ, ಅಂಗಡ್ಯಾಗಿನ ಆಹಾರ ಅಳೆಯೂ ಸರ್ವೆ ಫಾರ್ಮ್ ಕೊಟ್ಟಾರ. ಇದ್ದಂಗ ತುಂಬಬಹುದಾ?
ವಿದ್ಯಾರ್ಥಿನಿ, ಬಾಗಲಕೋಟಿ

ಉತ್ತರ: ಇದ್ದಂಗ ತುಂಬಬ್ಯಾಡವ್ವಾ. ಫಾರ್ಮ್ ಛಲೋ ಐತಿ, ಸಂಶೋಧಕಿ ಕ್ಯಾರೆನ್ ಗ್ಲಾಂಜ್ ಮತ್ತ ಅವ್ರ ಜೋಡಿ ಕೆಲಸ ಮಾಡಿದವ್ರು ಅಟ್ಲಾಂಟಾ ಕಡೆ ಅಂಗಡಿ ಅಂಗಡಿ ತಿರುಗಿ ಪರೀಕ್ಷಾ ಮಾಡಿ 2007ರಾಗ ಪ್ರಕಟ ಮಾಡಿದ್ದು, ಜಗತ್ತಿನ ತುಂಬ ಜನ ಅದನ್ನ ಬಳಸ್ತಾರ. ಅದು ಕೇಳೂದು ಮೂರ ಮಾತು: ಐತೇನು, ರೇಟ್ ಎಷ್ಟು, ಮಾಲು ಹ್ಯಾಂಗೈತಿ. ಈ ಮೂರನ್ನ ಗಟ್ಟಿ ಹಿಡ್ಕೋ. ಆದ್ರ ಅದರಾಗ ನೋಡೂ ಪದಾರ್ಥದ ಪಟ್ಟಿ ನೋಡು, ಕೊಬ್ಬು ತಗದ ಹಾಲು, ಹಾಟ್ ಡಾಗ್, ಬೀಫ್ ಖೀಮಾ, ಫ್ರೀಜರಿನ ರೆಡಿ ಊಟ, ಇದನ್ನ ಕೈಯಾಗ ಹಿಡ್ಕೊಂಡು ನವನಗರದ ಅಂಗಡಿ ಮುಂದ ನಿಂತ್ರ ಎಲ್ಲಾರಿಗೂ ಸೊನ್ನಿ ಹತ್ತಿರ ಮಾರ್ಕ್ಸ್ ಬೀಳ್ತಾವ, ಮತ್ತ ಅದು ಅಂಗಡಿಯವನ ತಪ್ಪಲ್ಲ, ಪಟ್ಟಿ ತಪ್ಪು.

ಮೊದಲು ನೀ ಆರಿಸಿದ ಸೆಕ್ಟರಿನ ಹತ್ತಿಪ್ಪತ್ತು ಮನಿಗೆ ಹೋಗಿ ನಿನ್ನೆ ಏನ್ ಉಂಡ್ರಿ ಅಂತ ಕೇಳು. ಅದರಿಂದ ಪಟ್ಟಿ ಕಟ್ಟು: ಜ್ವಾಳ, ಸಜ್ಜಿ, ಹೆಸರುಕಾಳು, ಮಡಿಕಿಕಾಳು, ಅಲಸಂದಿ, ತಪ್ಪಲಪಲ್ಲೆ, ಗಜ್ಜರಿ, ಸೌತಿಕಾಯಿ, ಬಾಳಿಹಣ್ಣು, ಪ್ಯಾರಲಹಣ್ಣು, ಮೊಸರು, ತತ್ತಿ, ಶೇಂಗಾ. ರೇಟ್ ಬರಿಯೂದ್ರಾಗ ಆ ಫಾರ್ಮಿನ ಒಂದ ವಿಚಾರ ನನಗ ಭಾಳ ಸೇರ್ತೈತಿ, ಅದು ಒಂದ ಪದಾರ್ಥದ ರೇಟ್ ಅಷ್ಟ ನೋಡಂಗಿಲ್ಲ, ಜೋಡಿ ಹಚ್ಚಿ ನೋಡ್ತೈತಿ, ಛಲೋದು ಸಾದಾದಕ್ಕಿಂತ ತುಟ್ಟಿ ಐತೋ ಸೋವಿ ಐತೋ ಅಂತ. ನೀನೂ ಹಂಗ ಜೋಡಿ ಹಚ್ಚು: ಜ್ವಾಳಕ್ಕ ಮೈದಾ, ಮಜ್ಜಿಗಿ ಪಾಕೀಟಿಗೆ ಕೂಲ್‌ಡ್ರಿಂಕ್ಸ್, ಹುರದ ಶೇಂಗಾಕ್ಕ ಚಿಪ್ಸ್. ಕೈಯಾಗ ಹತ್ತ ರೂಪಾಯಿ ಹಿಡ್ಕೊಂಡು ಬಂದ ಹುಡುಗನ ಮುಂದ ಏನೇನ ಐತಿ ಅನ್ನೂದು ಆವಾಗ ಕಾಣಿಸ್ತೈತಿ.

ಮಾಲು ನೋಡೂದಕ್ಕ ಕಣ್ಣಷ್ಟ ಸಾಲೂದಿಲ್ಲ. ಮೆಂತೆ ಸಿವುಡು ಕೈಯಾಗ ತಗೋ, ಬಾಳಿನಾರು ಕಟ್ಟಿದ ಜಾಗಾದಾಗ ಬಟ್ಟಿಲೆ ಸರಿಸಿ ನೋಡು, ಮ್ಯಾಲೆ ಹಸರ ಇದ್ದು ಒಳಗ ಕೊಳತು ಲೋಳಿ ಆಗಿರ್ತೈತಿ. ಇಟ್ಟ ಸಿವುಡಿನ್ಯಾಗ ಅರ್ಧಕ್ಕಿಂತ ಹೆಚ್ಚು ತಾಜಾ ಇದ್ರ ಪಾಸ್, ಇಲ್ಲಂದ್ರ ಇಲ್ಲ, ಈ ನಿಯಮ ಮೊದಲ ಬರದಿಟ್ಕೊಂಡ ಹೋಗಬೇಕು, ಅಂಗಡ್ಯಾಗ ನಿಂತು ವಿಚಾರ ಮಾಡಬಾರದು.

ಇನ್ನ ಟೈಮಿನ ಮಾತು. ನಾನು ಮೊದಲ ಸಲ ಇಂಥಾ ಸರ್ವೆಕ್ಕ ಹೋಗಿದ್ದು ಮಧ್ಯಾಹ್ನ 4ಕ್ಕ. ಓಣ್ಯಾಗ ಐದು ಅಂಗಡಿ, ಐದರಾಗೂ ತಪ್ಪಲಪಲ್ಲೆ ಇಲ್ಲ ಅಂತ ಬರಕೊಂಡು ಬಂದೆ. ಒಂದ ಪೆನ್ನು ಅಲ್ಲೇ ಮರತಿದ್ದೆ ಅಂತ ಮರುದಿನ ಮುಂಜಾನೆ ಹೋದ್ರ ಅದೇ ಅಂಗಡಿ ಕಟ್ಟಿ ಮ್ಯಾಲೆ ಒಬ್ಬಾಕಿ ಅಜ್ಜಿ ಬುಟ್ಟಿ ಇಟ್ಕೊಂಡು ಕುಂತಿದ್ಲು, ಹಸಿ ಗೋಣಿತಟ್ಟು ಸರಿಸಿದ್ಲು, ಒಳಗ ಮೆಂತೆ, ರಾಜಗಿರಿ, ಪುಂಡಿಪಲ್ಲೆ, ಸಬ್ಬಸಗಿ, ನೀರು ಇನ್ನೂ ತೊಟ್ಟಿಕ್ಕತಿತ್ತು. 9 ಹೊಡಿಯೂದ್ರಾಗ ಬುಟ್ಟಿ ಖಾಲಿ ಆಗಿ ಅಕಿ ಎದ್ದು ಹೋದ್ಲು. ನನ್ನ ಕಾಗದದಾಗ ಅದು ಪಲ್ಲೆ ಇಲ್ಲದ ಓಣಿ ಆಗಿ ಕುಂತಿತ್ತು. ಅದಕ್ಕ ಹೇಳ್ತೇನಿ, ಒಂದ ಓಣಿಗೆ ಮುಂಜಾನೆ ಒಂದ ಸಲ, ಸಂಜಿಕೆ ಒಂದ ಸಲ ಹೋಗು, ಕೈಗಾಡಿ, ಬುಟ್ಟಿ, ಸಂತಿ ಎಲ್ಲಾ ಅಂಗಡಿನ ಅಂತ ತಿಳ್ಕೊಂಡು ನಂಬರ್ ಹಾಕು, ಮತ್ತ ಆದ್ರ ಚಳಿಗಾಲದಾಗ ಒಂದ ಸಲ ಬಿರು ಬ್ಯಾಸಗ್ಯಾಗ ಒಂದ ಸಲ ಮಾಡು, ಡಿಸೆಂಬರಿನ ಪಲ್ಲೆ ಮಾರ್ಕೆಟ್ ನೋಡಿ ಮೇ ತಿಂಗಳದ್ದು ಹೇಳಾಕ ಬರೂದಿಲ್ಲ.

ಪ್ರಶ್ನೆ: ನನ್ನದು ಸಣ್ಣ ಕಿರಾಣಿ ಅಂಗಡಿ. ಸರ್ವೆಕ್ಕ ಬಂದ ಹುಡುಗ್ರು ಜ್ವಾಳದ ಹಿಟ್ಟು ಇಲ್ಲ ಅಂತ ಮಾರ್ಕ್ಸ್ ಕಡಿಮಿ ಹಾಕಿ ಹೋದ್ರು. ಇದು ನ್ಯಾಯ ಏನ್ರಿ?
ಅಂಗಡಿಕಾರರು, ಗುಳೇದಗುಡ್ಡ

ಉತ್ತರ: ನ್ಯಾಯ ಅಲ್ರಿ. ಜ್ವಾಳದ ಹಿಟ್ಟು ಭಾಳ ದಿನ ತಡಿಯೂದಿಲ್ಲ, ಕಾಳಿನ ಮೊಳಕಿ ಭಾಗದಾಗ ಎಣ್ಣಿ ಅಂಶ ಇರ್ತೈತಿ, ಬೀಸಿದ ಮ್ಯಾಲೆ ಅದಕ್ಕ ಗಾಳಿ ಹತ್ತಿ ಹಿಟ್ಟು ಮುಗ್ಗ ವಾಸನಿ ಬಂದು ಕಹಿ ಆಗ್ತೈತಿ, ಸಜ್ಜಿ ಹಿಟ್ಟಂತೂ ಇನ್ನೂ ಲಗೂನ ಕೆಡ್ತೈತಿ. ಅದಕ್ಕ ನಮ್ಮ ಮಂದಿ ಕಾಳು ಒಯ್ದು ಗಿರಣ್ಯಾಗ ವಾರಕ್ಕಾಗೂಷ್ಟು ಬೀಸಿಸಿಕೊಂಡ ಬರ್ತಾರ. ಹಳೆ ಹಿಟ್ಟಿಗೆ ರೊಟ್ಟಿ ಬಡಿಯಾಕ ಬರೂದಿಲ್ಲ, ಅಂಚು ಸೀಳ್ತಾವ, ಇದನ್ನ ನಿಮಗ ನಾ ಏನ್ ಹೇಳೂದು. ಸರ್ವೆದವ್ರು ಕೇಳಬೇಕಾಗಿದ್ದು ಜ್ವಾಳ ಐತೇನು, ಗಿರಣಿ ಎಷ್ಟು ದೂರ, ಕರೆಂಟ್ ಯಾವಾಗ ಇರ್ತೈತಿ. ಈ ಮೂರು ಸೇರಿದ್ರ ಅದು ಜ್ವಾಳದ ಹಿಟ್ಟು ಸಿಗೂ ಓಣಿ. ಅವ್ರು ಮತ್ತ ಬಂದ್ರ ಈ ಪುಟ ತೋರಿಸ್ರಿ.

ಪ್ರಶ್ನೆ: ನಮ್ಮ ಹಳ್ಳಿಯಲ್ಲಿ ಸೂಪರ್ ಮಾರ್ಕೆಟ್ ಇಲ್ಲ. ಹಾಗಾದ್ರೆ ನಮ್ಮದೂ ಫುಡ್ ಡೆಸರ್ಟ್ ಅಂತಾರಲ್ಲ, ಆಹಾರದ ಮರುಭೂಮಿ, ಅದೇನಾ?
ಶಾಲಾ ಶಿಕ್ಷಕರು, ಹುನಗುಂದ ತಾಲೂಕು

ಉತ್ತರ: ಅಮೆರಿಕದ ಕೃಷಿ ಇಲಾಖೆ ಲೆಕ್ಕದಾಗ ದೊಡ್ಡ ಅಂಗಡಿ ಪ್ಯಾಟ್ಯಾಗ 1 ಮೈಲಿಗಿಂತ, ಹಳ್ಯಾಗ 10 ಮೈಲಿಗಿಂತ ದೂರ ಇದ್ರ ಅಲ್ಲಿ ಆಹಾರ ಕೈಗೆ ಸಿಗೂದು ಕಷ್ಟ ಅಂತ ಹಿಡೀತಾರ, ಅದರ ಜೋಡಿ ಬಡತನಾನೂ ನೋಡ್ತಾರ. 10 ಮೈಲಿ ಅಂದ್ರ 16 ಕಿಲೋಮೀಟರ್, ಮನಿ ಮನಿಗೆ ಕಾರ್ ಇರೂ ದೇಶದ ಅಳತಿ ಅದು. ನಿಮ್ಮೂರಾಗ ಒಬ್ಬ ಬಾಣಂತಿ ಹಣ್ಣು ಬೇಕಂದ್ರ ಬಸ್ಸಿಗೆ ಎಷ್ಟೊತ್ತು ಕಾಯ್ತಾಳ, ಹೋಗಿ ಬರೂ ಖರ್ಚೆಷ್ಟು, ಆ ದಿನದ ಕೂಲಿ ಹೋಗ್ತೈತೋ ಹೆಂಗ, ಅದನ್ನ ಬರೀರಿ. ಸೂಪರ್ ಮಾರ್ಕೆಟ್ ಇಲ್ಲ ಅನ್ನೂದ ದೊಡ್ಡ ಕೊರತಿ ಅಲ್ರಿ, ವಾರದ ಸಂತಿ ಛಲೋ ಕೂಡ್ತಿದ್ರ ಅಲ್ಲಿ ಪಲ್ಲೆ ತಾಜಾನ ಸಿಗ್ತೈತಿ. ನನಗ ಚಿಂತಿ ಇರೂದು ಸಂತಿ ಆಗಿ ನಾಕು, ಐದು ದಿವಸದ ಮ್ಯಾಲೆ, ಫ್ರಿಜ್ ಇಲ್ಲದ ಮನ್ಯಾಗ ಆವಾಗ ಏನ್ ಉಳಿದಿರ್ತೈತಿ ಅನ್ನೂದು. ಸಂತಿ ಮರುದಿನ ಒಂದ ಸಲ, ಮುಂದಿನ ಸಂತಿ ಹಿಂದಿನ ದಿನ ಒಂದ ಸಲ ಅದೇ ಅಂಗಡಿ ನೋಡ್ರಿ, ನಿಮ್ಮೂರಿನ ಖರೆ ಸ್ಥಿತಿ ಆ ಎರಡರ ನಡಬರಕ ಐತಿ.

ಪ್ರಶ್ನೆ: ನಾನು ಮತ್ತ ನನ್ನ ಗೆಳತಿ ಬ್ಯಾರೆ ಬ್ಯಾರೆ ಹೋಗಿ 20 ಅಂಗಡಿ ನೋಡಿದ್ವಿ. ಉಪ್ಪಿನ ಕಾಲಂನ್ಯಾಗ 18 ಅಂಗಡಿಗೆ ಇಬ್ಬರದೂ ಒಂದೇ ಉತ್ತರ, 90 ಪರ್ಸೆಂಟ್. ಆದ್ರ ಸರ್ ಕಪ್ಪಾ ತಗೀರಿ ಅಂದ್ರು, ತಗದ್ರ ಮೈನಸ್ ಬಂತು. ಏನ್ ತಪ್ಪಾಗೇತಿ?
ವಿದ್ಯಾರ್ಥಿನಿ, ಜಮಖಂಡಿ

ಉತ್ತರ: ಲೆಕ್ಕ ತಪ್ಪಿಲ್ಲ. ಕಪ್ಪಾ ಅಂದ್ರ ಅದೃಷ್ಟದ ಮ್ಯಾಲೆ ಕೂಡೂದನ್ನ ಕಳದು ಇಬ್ಬರ ಉತ್ತರ ಎಷ್ಟು ಹೊಂದ್ತಾವ ಅಂತ ಹೇಳೂ ಅಳತಿ. ಉಪ್ಪು ಎಲ್ಲಾ ಅಂಗಡ್ಯಾಗ ಇರ್ತೈತಿ, ಕಣ್ಣು ಮುಚ್ಚಿ ಐತಿ ಐತಿ ಅಂತ ಬರದ್ರೂ ಇಬ್ಬರೂ ಕೂಡತೀರಿ. ನೀವು ಕಳಿಸಿದ ಹಾಳಿ ಪ್ರಕಾರ 18ರಾಗ ಇಬ್ಬರೂ ಐತಿ ಅಂದೀರಿ, ಒಂದರಾಗ ನೀ ಇಲ್ಲ ಅಂದಿ, ಒಂದರಾಗ ಅಕಿ ಇಲ್ಲ ಅಂದಾಳ. ಅಂದ್ರ ಇಬ್ಬರೂ 20ರಾಗ 19ಕ್ಕ ಐತಿ ಅಂದಂಗಾತು, ಸುಮ್ಮನ ಅದೃಷ್ಟದ ಮ್ಯಾಲೆನ 90.5 ಪರ್ಸೆಂಟ್ ಕೂಡಬೇಕು, ನಿಮ್ಮದು 90, ಅದಕ್ಕ ಸೊನ್ನಿಕಿಂತ ಕೆಳಗ ಬಂತು. ಅದೇ 18 ಹೊಂದಿಕಿ ತಪ್ಪಲಪಲ್ಲೆ ಕಾಲಂನ್ಯಾಗ ಬಂದು, 9 ಅಂಗಡ್ಯಾಗ ಐತಿ 9ರಾಗ ಇಲ್ಲ ಅಂತ ಇಬ್ಬರೂ ಅಂದು, ಉಳಿದ ಎರಡರಾಗ ಇದೇ ಥರ ಒಬ್ಬೊಬ್ಬರು ಐತಿ ಅಂದಿದ್ರ ಕಪ್ಪಾ 0.8 ಬರ್ತಿತ್ತು, ಅದು ಛಲೋ ಅಳತಿ. ಎಲ್ಲಾ ಕಡೆ ಇರೂ ಪದಾರ್ಥ ಫಾರ್ಮಿನಿಂದ ತಗದುಬಿಡ್ರಿ, ಅದು ಅಂಗಡಿ ಅಂಗಡಿಗೆ ಇರೂ ಫರಕ್ ತೋರಸೂದಿಲ್ಲ.

ಪ್ರಶ್ನೆ: ಮಗನ ಶಾಲಿ ಬಾಜೂಕ ಅಂಗಡಿ ತುಂಬ ಚಿಪ್ಸ್ ಪಾಕೀಟು. ಮಲ್ಟಿಗ್ರೇನ್ ಬಿಸ್ಕೀಟೂ ಇಟ್ಟೇನಲ್ರಿ ಅಂತಾನ ಅಂಗಡಿಯವ. ಅದನ್ನ ಛಲೋದು ಅಂತ ಎಣಸೂದಾ?
ತಾಯಿ, ಇಳಕಲ್ಲ

ಉತ್ತರ: ಪಾಕೀಟು ತಿರುಗಿಸಿ ಹಿಂದ ಓದ್ರಿ. ಯಾವ ಪದಾರ್ಥದ ತೂಕ ಹೆಚ್ಚೈತಿ ಅದನ್ನ ಮೊದಲ ಬರೀಬೇಕು ಅಂತ ಕಾಯ್ದೆ ಐತಿ, ಮೊದಲ ಮೈದಾ ಆಮ್ಯಾಲೆ ಸಕ್ಕರಿ ಅಂತ ಇದ್ರ ಪಾಕೀಟಿನ ಮುಂಭಾಗದಾಗ ಹೆಸರು ಏನರೆ ಇರ್ಲಿ ಅದನ್ನ ಎಣಸಬ್ಯಾಡ್ರಿ. ಚಿಪ್ಸಿಗೆ ಶೆಲ್ಫ್ ಅಳದ್ರ ಸಾಲೂದಿಲ್ಲ, ಅಂಗಡಿ ಬಾಗಲದಾಗ ಸರ ಸರ ಜೋತು ಬಿಟ್ಟಿರ್ತಾರ, ಸರಿಯಾಗಿ ಎರಡನೇ ಕ್ಲಾಸಿನ ಹುಡುಗನ ಕಣ್ಣಿಗೆ ಬೀಳೂ ಎತ್ತರಕ್ಕ, ಎಷ್ಟು ಸರ ಅಂತ ಎಣಸ್ರಿ, ನೆಲದಿಂದ ಎಷ್ಟು ಎತ್ತರ ಅಂತಾನೂ ಬರೀರಿ. ಮತ್ತೊಂದು, ಶಾಲಿ ಗೇಟಿನಿಂದ ಯಾ ಕಡೆ ಆದ್ರೂ 50 ಮೀಟರ್ ಒಳಗ ಕೊಬ್ಬು, ಉಪ್ಪು, ಸಕ್ಕರಿ ಹೆಚ್ಚಿರೂ ತಿನಿಸು ಮಕ್ಕಳಿಗೆ ಮಾರಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2020ರಾಗ ನಿಯಮ ಮಾಡೇತಿ. ಟೇಲರ್ ಟೇಪ್ ಬ್ಯಾಡ, ಗೌಂಡ್ಯಾರ ಕಡೆ ಉದ್ದನ ಟೇಪ್ ಇರ್ತೈತಿ, ಅದನ್ನ ಇಸ್ಕೊಂಡು ಗೇಟಿನಿಂದ ಅಳೀರಿ, 50ರ ಒಳಗ ಬಂದ್ರ ಆ ಅಳತಿ ಬರಕೊಂಡು ಹೆಡ್ ಮಾಸ್ತರನ್ನೂ ಅಂಗಡಿಯವನನ್ನೂ ಒಂದ ಕಡೆ ಕುಂಡ್ರಿಸಿ ಮಾತಾಡ್ರಿ, ಹೋಗೂಮುಂದ ಶೇಂಗಾ ಚಿಕ್ಕಿ, ಬಾಳಿಹಣ್ಣಿನ ರೇಟೂ ಬರಕೊಂಡು ಹೋಗ್ರಿ, ಸರದ ಜಾಗಾದಾಗ ಏನ್ ಇಡಬಹುದು ಅಂತ ಅಂವ ಕೇಳೇ ಕೇಳ್ತಾನ.