ಹಳೆಯ ಅಮೆರಿಕನ್ ಕಾದಂಬರಿಗಳ ಪ್ರಕಾರ 'ಅಮೆರಿಕನ್' ಅಂದರೆ ಯಾರು?

ನನ್ನ ಪ್ರಕಾರ, ಊರು ಎಳೆದ ಗೆರೆ ದಾಟಲು ಹೊರಟವನು. 1925ರ 'ದಿ ಗ್ರೇಟ್ ಗ್ಯಾಟ್ಸ್‌ಬಿ' ಕಾದಂಬರಿಯ ನಾಯಕ ಗ್ಯಾಟ್ಸ್‌ಬಿ ಹೆಸರನ್ನೇ ಬದಲಿಸಿಕೊಂಡ, ದುಡ್ಡು ಮಾಡಿದ. ಹಳೇ ಸಿರಿವಂತರು ಮಾತ್ರ ಅವನನ್ನು ತಮ್ಮವನೆನ್ನಲಿಲ್ಲ.

ನನಗೆ ಜಾಸ್ತಿ ಹತ್ತಿರದವನು ಮಾರ್ಕ್ ಟ್ವೇನ್ ಅವರ ಕಾದಂಬರಿಯ ಹಕಲ್‌ಬೆರಿ ಫಿನ್, ಅಂದರೆ ಹಕ್, ಮನೆ ಬಿಟ್ಟು ಓಡಿದ ಹುಡುಗ. ಓಡಿಬಂದ ಗುಲಾಮ ಜಿಮ್ ಎಲ್ಲಿದ್ದಾನೆಂದು ಹಕ್ ಜಿಮ್‌ನ ಒಡತಿಗೆ ಕಾಗದ ಬರೆಯುತ್ತಾನೆ. ಅದೇ ಧರ್ಮ ಅಂತ ಅವನಿಗೆ ಕಲಿಸಿದ್ದಾರೆ. ಆಮೇಲೆ ಜಿಮ್ ಜೊತೆ ತೆಪ್ಪದ ಮೇಲೆ ಕಳೆದ ರಾತ್ರಿಗಳು ನೆನಪಾಗುತ್ತವೆ: ಹಕ್ ಮಲಗಿರಲಿ ಅಂತ ಅವನ ಪಾಳಿಯ ಕಾವಲನ್ನೂ ಜಿಮ್ ತಾನೇ ಕಾಯುತ್ತಿದ್ದ. ಕಾಗದ ಹಿಡಿದ ಹಕ್ ನಡುಗುತ್ತಾನೆ. ನರಕಕ್ಕೆ ಹೋದರೂ ಸರಿ ಅಂತ ಹರಿದು ಹಾಕುತ್ತಾನೆ. ಈ ಪುಟ ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಆದರೆ ಈ ಸ್ವಾತಂತ್ರ್ಯ ಎಲ್ಲರಿಗೂ ಒಂದೇ ಅಲ್ಲ, ಅಲ್ವಾ? ಹಕ್ ಸಿಕ್ಕಿಬಿದ್ದರೆ ಮನೆಗೆ ಹೋಗುತ್ತಾನೆ. ಜಿಮ್ ಸಿಕ್ಕಿಬಿದ್ದರೆ ಮಾರಾಟವಾಗುತ್ತಾನೆ.