ಓದುಗರ ಪ್ರಶ್ನೆ: ಅಜಂತಾ ನೋಡಲು ಒಂದು ದಿನ ಸಾಕೇ?

ಪ್ರಶ್ನೆ: ಡಿಸೆಂಬರ್‌ನಲ್ಲಿ ಮನೆಮಂದಿ ಎಂಟು ಜನ ಅಜಂತಾಕ್ಕೆ ಹೊರಟಿದ್ದೇವೆ. ಅಮ್ಮನಿಗೆ ಮಂಡಿನೋವು. ಒಂದೇ ದಿನದಲ್ಲಿ ಅಜಂತಾ, ಎಲ್ಲೋರಾ ಎರಡನ್ನೂ ಮುಗಿಸಿಬಿಡಬಹುದು ಎನ್ನುತ್ತಾರೆ ಟ್ಯಾಕ್ಸಿಯವರು. ಆಗುತ್ತದೆಯೇ? ಗೈಡ್ ಬೇಕೇ?
(ಓದುಗರು, ಹಾವೇರಿ)

ಉತ್ತರ: ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಛತ್ರಪತಿ ಸಂಭಾಜಿನಗರದಿಂದ (ಹಳೆಯ ಔರಂಗಾಬಾದ್) ಅಜಂತಾ ಸುಮಾರು 100 ಕಿ.ಮೀ., ಎಲ್ಲೋರಾ 30 ಕಿ.ಮೀ., ಅದೂ ಬೇರೆ ದಿಕ್ಕಿಗೆ. ಸೋಮವಾರ ಅಜಂತಾಕ್ಕೆ ರಜೆ, ಮಂಗಳವಾರ ಎಲ್ಲೋರಾಕ್ಕೆ. ಅಲ್ಲಿಗೆ ಹೋಗಿ ಬೀಗ ನೋಡಿ ಬರುವವರು ಪ್ರತಿ ವಾರ ಇರುತ್ತಾರೆ. ಅಜಂತಾ ಒಂದನ್ನೇ ನೋಡುವುದಾದರೆ ಜಳಗಾಂವ್ ಹತ್ತಿರ, 60 ಕಿ.ಮೀ. ಅಷ್ಟೇ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಭುಸಾವಳದಲ್ಲಿ ಇಳಿದರೂ ಜಳಗಾಂವ್ ಪಕ್ಕದ ಊರೇ.

ಸಂಭಾಜಿನಗರದಿಂದಾದರೆ ಬೆಳಗ್ಗೆ 6ಕ್ಕೆ ಹೊರಡಿ. ನಿಮ್ಮ ಗಾಡಿ ಫರ್ದಾಪುರದ ಕೂಡುರಸ್ತೆಯಲ್ಲೇ ನಿಲ್ಲುತ್ತದೆ. ಅಲ್ಲಿಂದ ಗುಹೆಗಳ ಬುಡಕ್ಕೆ 4 ಕಿ.ಮೀ. ಸರ್ಕಾರಿ ಬಸ್ಸು. ಈ ಬಸ್ಸಿಗೆ ಕಾಯುವ ಹೊತ್ತನ್ನು ಟ್ಯಾಕ್ಸಿಯವರು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಮೆಟ್ಟಿಲ ಬುಡದಲ್ಲಿ ಡೋಲಿಯವರು ಸಿಗುತ್ತಾರೆ, ಒಂದು ಡೋಲಿ ಹೊರಲು ನಾಲ್ವರು. ಕೊನೆಯ ಗುಹೆಯವರೆಗೂ ಹೋಗಿ ಬರುವುದಕ್ಕೆ, ನಡುವೆ ಕಾಯುವುದಕ್ಕೂ ಸೇರಿಸಿ ಒಂದೇ ದರ ಮಾತಾಡಿಕೊಂಡು ಅಮ್ಮನನ್ನು ಕೂರಿಸಿ. ಡೋಲಿ ಗುಹೆಯ ಒಳಗೆ ಬರುವುದಿಲ್ಲ. ಬಾಗಿಲ ಮುಂದಿನ ನಾಲ್ಕೈದು ಮೆಟ್ಟಿಲನ್ನು ಅವರೇ ಹತ್ತಬೇಕಾಗುತ್ತದೆ. ಚಿತ್ರಗಳಿರುವ ಗುಹೆಗಳಲ್ಲಿ ಚಪ್ಪಲಿ ಹೊರಗೆ ಬಿಡಬೇಕು. ಲೇಸ್ ಬೂಟು ಹಾಕಿಕೊಂಡು ಹೋದರೆ ಬಿಚ್ಚಿ ಕಟ್ಟುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಮೇಲೆ ಅಂಗಡಿಗಳಿಲ್ಲ, ತಲೆಗೊಂದು ಲೀಟರ್ ನೀರು ಇರಲಿ.

ಗೈಡ್ ಬೇಕೇ ಬೇಕು. ಗುರುತಿನ ಚೀಟಿ ಇರುವವರನ್ನೇ ಹಿಡಿಯಿರಿ. ಹಿಂದಿ, ಮರಾಠಿ, ಇಂಗ್ಲಿಷ್‌ನವರು ಸಿಗುತ್ತಾರೆ, ಕನ್ನಡದವರನ್ನು ನೆಚ್ಚಿಕೊಳ್ಳಬೇಡಿ. ಹಣದ ಮಾತಿಗೂ ಮೊದಲು ಗುಹೆಗಳ ಮಾತಾಗಲಿ: 1, 2, 9, 10, 16, 17, 19, 26. ಇರುವುದು 30 ಗುಹೆ, ಈ ಎಂಟನ್ನು ನಿಧಾನವಾಗಿ ನೋಡಲು ನಾಲ್ಕು ಗಂಟೆ ಬೇಕು. ಹಲವು ಗೈಡ್‌ಗಳು 17ಕ್ಕೆ ಮುಗಿಸಿ ‘ಮುಂದೆ ಏನಿಲ್ಲ’ ಎಂದು ಹಿಂದಿರುಗಿಸುತ್ತಾರೆ. ಆ ‘ಏನಿಲ್ಲ’ದಲ್ಲೇ 26ನೆಯ ಗುಹೆ ಇದೆ: ಏಳು ಮೀಟರ್ ಉದ್ದಕ್ಕೆ ಮಲಗಿದ ಮಹಾಪರಿನಿರ್ವಾಣದ, ಅಂದರೆ ಕೊನೆಯುಸಿರಿನ ಗಳಿಗೆಯ ಬುದ್ಧ. ತಲೆಯ ಭಾರಕ್ಕೆ ದಿಂಬು ತಗ್ಗಾಗಿರುವುದನ್ನೂ ಕಲ್ಲಿನಲ್ಲಿ ಕಡೆದಿದ್ದಾರೆ.

9 ಗಂಟೆಗೆ ಬಾಗಿಲು ತೆರೆಯುವಾಗಲೇ ಅಲ್ಲಿದ್ದರೆ 1ರಿಂದಲೇ ಶುರು ಮಾಡಿ. ತಲುಪಿದಾಗ 11 ದಾಟಿದ್ದರೆ 1, 2ರ ಮುಂದೆ ಸಾಲು ನಿಂತಿರುತ್ತದೆ, ಒಮ್ಮೆಗೆ ಇಷ್ಟೇ ಜನ ಎಂದು ಒಳಗೆ ಬಿಡುತ್ತಾರೆ. ಆಗ ನೇರ 26ಕ್ಕೆ ನಡೆದು, ಅಲ್ಲಿಂದ 1ರ ಕಡೆಗೆ ಒಂದೊಂದೇ ಗುಹೆ ನೋಡುತ್ತ ಬನ್ನಿ. ಬಿಸಿಲಿನಿಂದ ಒಳಹೊಕ್ಕ ಕೂಡಲೇ ಏನೂ ಕಾಣುವುದಿಲ್ಲ, ಐದು ನಿಮಿಷ ಸುಮ್ಮನೆ ನಿಲ್ಲಿ. 1ನೆಯ ಗುಹೆಯಲ್ಲಿ ಗೋಡೆಯ ಕಪ್ಪಿನಿಂದ ಪದ್ಮಪಾಣಿ ಎಂಬ ಬೋಧಿಸತ್ವನ (ಬುದ್ಧನಾಗಲಿರುವವನ) ಬಾಗಿದ ಹುಬ್ಬು, ಕೈಯ ನೀಲಿ ತಾವರೆ ಆಮೇಲೆ ಒಂದೊಂದೇ ಮೂಡುತ್ತವೆ. ಜೊತೆಗೆ ಮಕ್ಕಳಿದ್ದರೆ, ಅದೇ ಗುಹೆಯ ಕಂಬವೊಂದರ ಮೇಲೆ ನಾಲ್ಕು ಜಿಂಕೆಗಳಿಗೆ ಒಂದೇ ತಲೆ ಇದೆ, ಹುಡುಕಲು ಹೇಳಿ.

ಪ್ರಶ್ನೆ: ಮೊಬೈಲ್‌ನ ಫ್ಲ್ಯಾಶ್‌ಗೂ ಬೈಯುತ್ತಾರಂತೆ. ಇಷ್ಟು ಶತಮಾನ ಉಳಿದ ಬಣ್ಣಕ್ಕೆ ಒಂದು ಮಿಂಚಿನಿಂದ ಏನಾದೀತು?
(ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಒಂದು ಮಿಂಚಲ್ಲ, ಸಾಲಿನಲ್ಲಿ ನಿಂತ ಪ್ರತಿಯೊಬ್ಬರದೂ ಒಂದೊಂದು. ಅದಕ್ಕಿಂತ ದೊಡ್ಡ ಶತ್ರು ನಮ್ಮ ಉಸಿರು. ಅಜಂತಾದ್ದು ಹಸಿ ಸುಣ್ಣದ ಮೇಲೆ ಬರೆದ ಚಿತ್ರವಲ್ಲ. ಒರಟು ಬಂಡೆಯ ಮೇಲೆ ಭತ್ತದ ಹೊಟ್ಟು, ನಾರು ಕಲಸಿದ ಮಣ್ಣಿನ ಗಾರೆ. ಅದರ ಮೇಲೆ ಸುಣ್ಣದ ತೆಳು ಲೇಪ. ಅದು ಒಣಗಿದ ಮೇಲೆ ಅಂಟಿನಲ್ಲಿ ಕಲಸಿದ ಬಣ್ಣ. ಕೆಂಪು, ಹಳದಿಗೆ ಕಾವಿ ಮಣ್ಣು, ಕಪ್ಪಿಗೆ ಕಾಡಿಗೆ, ನೀಲಿಗೆ ಮಾತ್ರ ಅಫ್ಘಾನಿಸ್ತಾನದ ಕಡೆಯಿಂದ ಬಂದ ಲಾಜವರ್ದಿ ಕಲ್ಲು. ಉಸಿರಿನ ತೇವ ತಗಲಿದರೆ ಮಣ್ಣಿನ ಪದರ ಉಬ್ಬಿ, ಬಂಡೆ ಬಿಟ್ಟು, ಬಣ್ಣದ ಸಮೇತ ಚಕ್ಕೆಯಾಗಿ ಕಳಚುತ್ತದೆ. ಒಳ್ಳೆಯ ಉದ್ದೇಶವೂ ಕೆಡುಕು ಮಾಡಿದ್ದುಂಟು: ನಿಜಾಮರ ಆಡಳಿತದಲ್ಲಿ, 1920ರ ಸುಮಾರಿಗೆ ಇಟಲಿಯಿಂದ ಬಂದ ತಜ್ಞರು ಬಳಿದ ಅರಗಿನ ಮೆರುಗೇ ಕಾಲಾಂತರದಲ್ಲಿ ಹಳದಿಗಟ್ಟಿ ಚಿತ್ರವನ್ನು ಮಸುಕಾಗಿಸಿತು. ಗೋಡೆಗೆ ಒರಗುವುದು, ಬೆರಳಿಟ್ಟು ತೋರಿಸುವುದು ಎರಡೂ ಬೇಡ.

ಪ್ರಶ್ನೆ: ಅಜಂತಾದಲ್ಲಿ ನಮ್ಮ ಇಮ್ಮಡಿ ಪುಲಿಕೇಶಿಯ ಚಿತ್ರವಿದೆ ಎಂದು ಶಾಲೆಯಲ್ಲಿ ಓದಿದ್ದೆವು. ಎಲ್ಲಿದೆ?
(ನಿವೃತ್ತ ಶಿಕ್ಷಕರು, ಬಾಗಲಕೋಟೆ)

ಉತ್ತರ: ನೀವು ಕೇಳುವ ಚಿತ್ರ 1ನೆಯ ಗುಹೆಯಲ್ಲಿದೆ. ಸಿಂಹಾಸನದ ಮೇಲೆ ರಾಜ, ಮುಂದೆ ಪರದೇಶದ ಉಡುಪು, ಟೋಪಿ ತೊಟ್ಟವರು. ಪರ್ಷಿಯದ ದೊರೆ ಎರಡನೇ ಖುಸ್ರೋ ಕಳಿಸಿದ ರಾಯಭಾರಿ ಪುಲಿಕೇಶಿಯ ಆಸ್ಥಾನಕ್ಕೆ ಬಂದ ದೃಶ್ಯ ಇದು ಎಂದು 19ನೆಯ ಶತಮಾನದಲ್ಲಿ ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗ್ಯುಸನ್ ಊಹಿಸಿದರು, ಪಠ್ಯಪುಸ್ತಕಗಳು ಅದನ್ನೇ ಹಿಡಿದವು. ತೊಡಕಿರುವುದು ಕಾಲದಲ್ಲಿ. ಆ ಗುಹೆ 5ನೆಯ ಶತಮಾನದ ಕೊನೆಯ ಭಾಗದ, ವಾಕಾಟಕ ವಂಶದ ರಾಜ ಹರಿಷೇಣನ ಕಾಲದ್ದೆಂದು ಈಗಿನ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಪುಲಿಕೇಶಿ ಪಟ್ಟಕ್ಕೆ ಬಂದದ್ದು ಸುಮಾರು 610ರಲ್ಲಿ. ಬೌದ್ಧ ಕಥೆಯೊಂದರ ರಾಜ ಎನ್ನುವುದೇ ಈಗ ಹೆಚ್ಚು ಒಪ್ಪಿತವಾದ ಮಾತು. ಗೈಡ್‌ಗಳು ಇನ್ನೂ ಪುಲಿಕೇಶಿ ಎಂದೇ ಹೇಳಿಯಾರು, ಅದರಲ್ಲೂ ನೀವು ಕರ್ನಾಟಕದವರು ಎಂದು ಗೊತ್ತಾದರೆ!

10ನೆಯ ಗುಹೆಗೆ ಹೋದಾಗ ಒಂದು ಕಂಬದ ಮೇಲ್ಭಾಗ ನೋಡಿ. ಹುಲಿ ಬೇಟೆಗೆ ಬಂದು ಗುಹೆ ಕಂಡ ಜಾನ್ ಸ್ಮಿತ್ ಎಂಬ ಸೈನ್ಯಾಧಿಕಾರಿ ಕೊರೆದ ಹೆಸರು, 1819ರ ಏಪ್ರಿಲ್ ತಾರೀಖು ಅಲ್ಲಿವೆ. ಈಗ ಅದು ಕೈಗೆಟುಕದ ಎತ್ತರದಲ್ಲಿದೆ, ಏಕೆಂದರೆ ಆಗ ನೆಲದ ತುಂಬ ಮಣ್ಣು, ಕಲ್ಲು ತುಂಬಿದ್ದವು. ಅವನು ನಿಂತದ್ದು ಅದರ ಮೇಲೆ.